ಬೇರಿಗೊಂದು ಕಿಟಕಿ

ಬೆಳಗಿನ ಐದೂವರೆ. ಬಚ್ಚಲಿಗೂ ಅಡುಗೆಮನೆಗೂ ನಡುವೆ, ಒಬ್ಬರು ಕೂತರೆ ಇನ್ನೊಬ್ಬರು ದಾಟಲಾಗದಷ್ಟು ಇಕ್ಕಟ್ಟಾದ ಜಾಗದಲ್ಲಿ, ಪಾಚಿಯಕ್ಕ ಕುಕ್ಕರುಗಾಲಲ್ಲಿ ಕೂತು ಹಳೇ ಬಣ್ಣದ ಡಬ್ಬಿಯೊಂದರ ನೀರಿಗೆ ಮೊಣಕೈವರೆಗೆ ತೋಳು ಇಳಿಬಿಟ್ಟಿದ್ದಾರೆ. ದೀಪ ಹಾಕಿಲ್ಲ. ನೀರೊಳಗಿನ ಗಿಡಗಳು ಇನ್ನೂ ಎದ್ದಿಲ್ಲ ಎನ್ನುವುದು ಅವರು ಕೊಡುವ ಕಾರಣ. ಹಗಲೆಲ್ಲ ಅಂಗೈಯಂತೆ ಬಿಚ್ಚಿಕೊಂಡಿರುವ ಎಲೆಗಳು ಕತ್ತಲಾದ ಮೇಲೆ ತುದಿಯಲ್ಲಿ ಒಂದಕ್ಕೊಂದು ಅಂಟಿ ಮೊಗ್ಗಿನ ಹಾಗೆ ಮುಚ್ಚಿಕೊಂಡಿರುತ್ತವೆ. ಆ ಮುಚ್ಚಿದ ತುದಿಯನ್ನು ಬೆರಳಲ್ಲೇ ಹುಡುಕಿ, ಅಲ್ಲಿಂದ ನಾಲ್ಕು ಗೆಣ್ಣು ಕೆಳಗೆ ಎಣಿಸಿ, ಕತ್ತರಿ ಆಡಿಸುತ್ತಾರೆ. ನೀರೊಳಗೆ ಕತ್ತರಿಯ ಸದ್ದು ಮೆತ್ತಗೆ, ಯಾರೋ ಪಕ್ಕದ ಕೋಣೆಯಲ್ಲಿ ಲೊಚಗುಟ್ಟಿದ ಹಾಗೆ ಕೇಳುತ್ತದೆ.

"ಮಲಗಿರೋ ಮಕ್ಕಳಿಗೆ ಉಗುರು ಕತ್ತರಿಸ್ತೀವಲ್ಲ, ಹಂಗೆ. ಎಚ್ಚರ ಇದ್ದಾಗ ಹೋದ್ರೆ ರಂಪ ಮಾಡ್ತವೆ" ಎನ್ನುತ್ತಾರೆ.

ಒಳಕೋಣೆಯ ಮಂಚದಿಂದ ಗಂಡನ ದನಿ ಬರುತ್ತದೆ. "ನನ್ನ ಕತ್ತರಿ ತಾನೇ ಅದು?"

"ನಿಮ್ಮದೇ. ತುಕ್ಕು ಹಿಡಿದ ಮೇಲೆ ನಂದು. ಮಲಗಿ ಸುಮ್ನೆ."

ಗಂಡ ದರ್ಜಿ. ಕಿಟಕಿಯ ಕೆಳಗೆ ಅವರ ಹೊಲಿಗೆ ಯಂತ್ರ, ಕಿಟಕಿಯ ಕಟ್ಟೆಯ ಮೇಲೆ ಹೆಂಡತಿಯ ಇಪ್ಪತ್ತಮೂರು ಗಾಜಿನ ಬಾಟಲಿ. ಬಚ್ಚಲ ಬದಿಯಲ್ಲಿ ಹನ್ನೊಂದು ಬಣ್ಣದ ಡಬ್ಬಿ. ಅಷ್ಟೂ ಡಬ್ಬಿಗಳಲ್ಲಿ, ಬಾಟಲಿಗಳಲ್ಲಿ ನೀರಗಿಡದ ತುಂಡುಗಳು ಬೇರು ಬಿಡುತ್ತಿವೆ. ಅಂಗಿಗೆ ಗುಂಡಿ ಹಾಕಿಸಲು ಬಂದವರು ಬಾಟಲಿಗಳನ್ನು ನೋಡಿ, ಇದೇನು ಔಷಧಿ ಅಂಗಡಿಯೋ ಎಂದು ಕೇಳಿ ಹೋಗುತ್ತಾರೆ.

ಊರಿನ ದೊಡ್ಡ ಮನೆಗಳ ನಡುಕೋಣೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಮೀನು ಸಾಕುವವರು ಬಹಳ ಮಂದಿ. ಅದರೊಳಗೆ ಜೀವಂತ ಗಿಡ ಬೆಳೆಸುವವರು ಕಡಿಮೆ. ಆ ಗಿಡಗಳನ್ನು ಬದುಕಿಸಿಡುವವರು ಯಾರು ಎಂದು ಕೇಳುವವರು ಅಪರೂಪ. ಬಂದ ನೆಂಟರು ತೊಟ್ಟಿಯ ಮುಂದೆ ನಿಂತು, ಕಾಡಿನ ತುಂಡೊಂದನ್ನು ಕತ್ತರಿಸಿ ತಂದಿಟ್ಟ ಹಾಗಿದೆ ಎಂದು ಬೆರಗಾಗುತ್ತಾರೆ. ಯಾರು ನೋಡಿಕೊಳ್ಳುತ್ತಾರೆ ಎಂದರೆ, ತೊಟ್ಟಿ, ಮೀನು ಮಾರಿದ ಅಂಗಡಿಯವರು ಬಂದು ಮಾಡುತ್ತಾರೆ ಎಂಬ ಉತ್ತರ ಬರುತ್ತದೆ. ಅಂಗಡಿಯವರು ಎಂದರೆ ಪಾಚಿಯಕ್ಕ. ಅಂಗಡಿಯ ಯಜಮಾನನಿಗೆ ತೊಟ್ಟಿಗೆ ಕೈ ಹಾಕಿದರೆ ತುರಿಕೆ ಬರುತ್ತದೆ.

ಪಾಚಿಯಕ್ಕನಿಗೆ ಐವತ್ತೆರಡು. ವಾರಕ್ಕೆ ಹನ್ನೊಂದು ಮನೆ, ಹದಿನೇಳು ತೊಟ್ಟಿ. ಒಂದೊಂದು ತೊಟ್ಟಿಯಲ್ಲೂ ಗಾಜಿಗೆ ಹಿಡಿದ ಪಾಚಿ ಕೆರೆಯುವುದು, ಕೊಳೆತ ಎಲೆ ಆಯುವುದು, ಬೆಳೆದದ್ದನ್ನು ಕತ್ತರಿಸಿ ತುದಿಯನ್ನು ಮತ್ತೆ ನೆಡುವುದು, ಕಾಲು ಭಾಗ ನೀರು ತೆಗೆದು ಹೊಸದು ತುಂಬುವುದು. ದಿನಕ್ಕೆ ಐದಾರು ತಾಸು ಕೈ ನೀರಲ್ಲೇ. ಬೆರಳ ತುದಿಗಳು ನೆನೆದು ನೆನೆದು ಗೆರೆಯೆಲ್ಲ ಅಳಿಸಿಹೋಗಿವೆ. ಎಡಗೈಯ ಎರಡು ಉಗುರು ಹಳದಿಗೆ ತಿರುಗಿ ಎದ್ದು ನಿಂತಿವೆ. ಪಾಚಿ ಕೆರೆಯುವವಳು ಎಂದು ಅಂಗಡಿಯಲ್ಲಿ ಮೊದಲು ಅಣಕಕ್ಕೆ ಕರೆದರು. ಆಮೇಲೆ ಅದಕ್ಕೊಂದು ಅಕ್ಕ ಸೇರಿತು. ಈಗ ಅಣಕ ಯಾರಿಗೂ ನೆನಪಿಲ್ಲ.

ಈ ಕೆಲಸಕ್ಕೆ ಬಂದದ್ದು ಒಂದು ತಪ್ಪಿನಿಂದ. ಹದಿನಾರು ವರ್ಷದ ಹಿಂದೆ ಅಂಗಡಿಯ ನೆಲ ಒರೆಸಲು ಸೇರಿದ್ದರು. ಅದಕ್ಕೂ ಮೊದಲು ಮನೆಗೆಲಸ. ಕೈ ಹಾಕಿದ್ದೆಲ್ಲ ಮಿರಿಮಿರಿ ಮಿಂಚಬೇಕು ಎನ್ನುವವರ ಪೈಕಿ. ಒಂದು ದಿನ ದೊಡ್ಡ ತೊಟ್ಟಿಯ ನೀರು ಸೋಸುವ ಜಾಲರಿಯೊಳಗಿನ ಸ್ಪಂಜು ಕಂದುಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿದ್ದನ್ನು ಕಂಡು ಹೇಸಿಗೆಪಟ್ಟು, ಯಾರೂ ಹೇಳದಿದ್ದರೂ ಹೊರತೆಗೆದು, ನಲ್ಲಿಯ ಕೆಳಗೆ ಸೋಪು ಹಚ್ಚಿ ತಿಕ್ಕಿ, ಹಿಂಡಿ, ಬಿಳಿಯದಾಗಿಸಿ ಇಟ್ಟರು. ಮೂರನೇ ದಿನ ನಲವತ್ತು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ಲೋಳೆಯಲ್ಲೇ ನೀರನ್ನು ಶುದ್ಧವಾಗಿಡುವ ಕಣ್ಣಿಗೆ ಕಾಣದ ಜೀವಗಳಿದ್ದವು.

"ಯಜಮಾನ್ರು ಬೈತಾರೆ ಅಂದ್ಕೊಂಡೆ. ಬೈದ್ರು ಕೂಡ. ಆದ್ರೆ ನಂಗೆ ಅದಲ್ಲ ಬಾಧೆ. ಇಷ್ಟು ವರ್ಷ ಶುಚಿ ಅಂತ ನಾನು ಮಾಡಿದ್ದು ಎಲ್ಲೆಲ್ಲಿ ಯಾವ್ಯಾವುದನ್ನ ಕೊಂದಿದೆಯೋ ಅಂತ."

ಆವತ್ತಿನಿಂದ ಅವರು ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಓದಿ ಕಲಿತದ್ದಲ್ಲ. ಯಾವ ಎಲೆ ಯಾವಾಗ ಹಳದಿಯಾಗುತ್ತದೆ, ಯಾವ ಬೇರನ್ನು ಮಣ್ಣಲ್ಲಿ ಹೂತರೆ ಕೊಳೆಯುತ್ತದೆ, ಯಾವುದನ್ನು ಹೂಳದಿದ್ದರೆ ತೇಲುತ್ತದೆ, ಎಲ್ಲವನ್ನೂ ನೋಡಿ ನೋಡಿ ಹಿಡಿದದ್ದು. ಗಿಡಗಳ ಹೆಸರು ನಾಲಿಗೆಗೆ ಹೊರಳದಿದ್ದಾಗ ಅವರೇ ಇಟ್ಟುಕೊಂಡರು. ಉದ್ದುದ್ದ ಎಲೆಯದು ಜಡೆಗಿಡ. ಕಟ್ಟಿಗೆಗೂ ಕಲ್ಲಿಗೂ ಅಂಟಿ ಬೆಳೆಯುವುದು ಕಲ್ಲಪ್ಪ. ಅದನ್ನು ಕಟ್ಟಿಗೆಗೆ ಕಟ್ಟಲು ಗಂಡನ ಯಂತ್ರದ ಬುಡದಲ್ಲಿ ಬಿದ್ದ ಕರಿ ಹತ್ತಿದಾರ ಬೇಕು. ನೈಲಾನ್ ಆಗದು. ಹತ್ತಿಯಾದರೆ ಎರಡು ತಿಂಗಳಲ್ಲಿ ನೀರಲ್ಲಿ ಕರಗುತ್ತದೆ, ಅಷ್ಟರಲ್ಲಿ ಬೇರು ಕಟ್ಟಿಗೆಯನ್ನು ಹಿಡಿದುಕೊಂಡಿರುತ್ತದೆ.

"ಇವ್ರು ಹಾಕಿದ ಹೊಲಿಗೆ ಬಿಚ್ಚಬಾರ್ದು. ನಾನು ಕಟ್ಟಿದ ದಾರ ಬಿಚ್ಚಲೇಬೇಕು. ಇಬ್ರದ್ದೂ ದಾರದ ಕೆಲಸವೇ, ಆದ್ರೂ ಜಗಳ" ಎಂದು ನಗುತ್ತಾರೆ.

ಇನ್ನೊಂದು ಗಿಡವಿದೆ. ಈ ಬರಹ ನಿಂತಿರುವುದು ಅದರ ಮೇಲೆ. ಕಂದುಮಿಶ್ರಿತ ಹಸಿರಿನ, ಅಂಚು ಅಲೆಅಲೆಯಾದ ಎಲೆ. ಗಿಡ್ಡ. ನಿಧಾನ. ಅಂಗಡಿಯಲ್ಲಿ ಅದನ್ನು ಕ್ರಿಪ್ಟ್ ಎನ್ನುತ್ತಾರೆ, ಪಾಚಿಯಕ್ಕ ಮುನಿಸುಗಿತ್ತಿ ಎನ್ನುತ್ತಾರೆ. ಇದ್ದಲ್ಲೇ ಇದ್ದರೆ ಹತ್ತು ವರ್ಷ ಇರುತ್ತದೆ. ಜಾಗ ಬದಲಿಸಿದರೆ, ಬೇರೆ ಬಗೆಯ ನೀರು ಹಾಕಿದರೆ, ನಾಲ್ಕೇ ದಿನದಲ್ಲಿ ಎಲೆಯೆಲ್ಲ ಗಾಜಿನಂತೆ ಪಾರದರ್ಶಕವಾಗಿ, ಬೆರಳು ಮುಟ್ಟಿದರೆ ಗಂಜಿಯ ಹಾಗೆ ಕರಗಿಹೋಗುತ್ತದೆ. ನೋಡಿದವರು ಸತ್ತಿತು ಎನ್ನುತ್ತಾರೆ, ಕಿತ್ತು ಕಸಕ್ಕೆ ಹಾಕುತ್ತಾರೆ. ಸತ್ತಿರುವುದಿಲ್ಲ. ಮಣ್ಣೊಳಗೆ ಕಿರುಬೆರಳಿನಷ್ಟು ಬುಡ ಜೀವ ಹಿಡಿದುಕೊಂಡು ಕೂತಿರುತ್ತದೆ.

"ನಾವು ಬಾಡಿಗೆ ಮನೆ ಐದು ಸಲ ಬದಲಾಯಿಸಿದೀವಿ. ಪ್ರತೀ ಸಲ ಒಂದು ವಾರ ಊಟ ಸೇರಲ್ಲ, ನಿದ್ದೆ ಬರಲ್ಲ, ಬಾಗಿಲು ಯಾವ ಕಡೆ ಅಂತ ಗೊತ್ತಾಗಲ್ಲ. ಸತ್ತು ಹೋದ್ವಾ?"

ಗಿಡದ ಮುನಿಸಾದರೂ ಯಾರೋ ಒಬ್ಬರಿಗೆ ಅರ್ಥವಾಗಿದೆ. ದುಡಿಯುವವರನ್ನು ಅಲ್ಲಿಂದಿಲ್ಲಿಗೆ ಕಿತ್ತು ನೆಟ್ಟು, ನಾಲ್ಕನೇ ದಿನಕ್ಕೆ ಬಾಡಿದರೆ ಕೆಲಸಕ್ಕೆ ಬಾರದವರು ಎಂದು ಷರಾ ಬರೆಯುವ ಜಾಗಗಳಲ್ಲಿ ಅಷ್ಟು ತಾಳ್ಮೆಯೂ ಇಲ್ಲ.

ಪಾಚಿಯಕ್ಕನ ಹದಿನೇಳು ತೊಟ್ಟಿಗಳಲ್ಲಿ ಎಲ್ಲಕ್ಕಿಂತ ಹಳೆಯದು, ನಾಲ್ಕಡಿ ಉದ್ದದ್ದು, ಒಬ್ಬ ಗೃಹಿಣಿಯ ಮನೆಯದು. ಹತ್ತು ವರ್ಷದ ಹಿಂದೆ ಮೂರು ಪುಟ್ಟ ಮುನಿಸುಗಿತ್ತಿ ನೆಟ್ಟಿದ್ದರು. ಅವು ಮರಿ ಹಾಕಿ ಹಾಕಿ ನೆಲವೇ ಕಾಣದಂತೆ ಹಬ್ಬಿದ್ದವು. ಉಳಿದ ಹತ್ತು ಮನೆಗಳ ಮುನಿಸುಗಿತ್ತಿಯರೆಲ್ಲ ಈ ತೊಟ್ಟಿಯ ಮಕ್ಕಳು, ಮೊಮ್ಮಕ್ಕಳು. ಆ ಮನೆಯಾಕೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ಅಲುಗಾಡದೆ ಮಲಗಿದ್ದಾಗ ಮಂಚವನ್ನು ತೊಟ್ಟಿಯ ಎದುರಿಗೇ ಹಾಕಿಸಿಕೊಂಡಿದ್ದರು. ಮೇಲ್ಛಾವಣಿ ನೋಡುವ ಬದಲು ಎಲೆ ಎಣಿಸುತ್ತಿದ್ದೆ ಎಂದು ಅವರೇ ಹೇಳುತ್ತಾರೆ.

ಈಚೆಗೆ ಅವರು ಮನೆ ಬದಲಿಸಿದರು. ಹೊಸ ಕಟ್ಟಡದ ನಾಲ್ಕನೇ ಮಹಡಿ. ತೊಟ್ಟಿಯನ್ನು ಬರಿದುಮಾಡಿ, ಗಿಡಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ಹೊತ್ತು ತಂದು ಮತ್ತೆ ಜೋಡಿಸಿದ್ದು ಪಾಚಿಯಕ್ಕನೇ. ನಾಲ್ಕನೇ ದಿನಕ್ಕೆ ಮುನಿಸುಗಿತ್ತಿಯರು ಕರಗತೊಡಗಿದರು.

ಹೊಸ ಕಟ್ಟಡದ ಗೇಟಿನಲ್ಲಿ ಕೆಲಸದವರು ಹೆಬ್ಬೆರಳು ಒತ್ತಬೇಕಾದ ಒಂದು ಯಂತ್ರವಿದೆ. ಪಾಚಿಯಕ್ಕನ ಹೆಬ್ಬೆರಳಲ್ಲಿ ಗೆರೆಯೇ ಇಲ್ಲವಲ್ಲ, ಅದು ಮೂರು ಸಲ ಕೆಂಪು ದೀಪ ತೋರಿಸಿ ಕಿರುಗುಡುತ್ತದೆ. ಆಗ ಕಾವಲುಗಾರ ಪುಸ್ತಕ ತೆಗೆದು ಕೈಯಲ್ಲಿ ಬರೆದುಕೊಳ್ಳುತ್ತಾನೆ. ಸಮಯ, ಮಹಡಿ, ಮುಂದಿನ ಕಾಲಮಿನಲ್ಲಿ: ಮೀನಿನ ಹೆಂಗಸು. ಬಕೆಟ್ಟಿದ್ದರೆ ಲಿಫ್ಟಿಗೆ ಪ್ರವೇಶವಿಲ್ಲ. ಕನ್ನಡಿಯಂಥ ನೆಲದ ಮೇಲೆ ಹನಿ ಬೀಳುತ್ತದಂತೆ.

ಬಕೆಟ್ಟು ಯಾಕೆ ಬೇಕು ಎಂದರೆ, ಕಟ್ಟಡದ ನಲ್ಲಿಗಳಲ್ಲಿ ಬರುವುದು ಯಂತ್ರದಲ್ಲಿ ಉಪ್ಪು ಹಾಕಿ ಮೆದುಮಾಡಿದ ನೀರು. ಸೋಪು ಚೆನ್ನಾಗಿ ನೊರೆಯುತ್ತದೆ, ಗಿಡಗಳಿಗೆ ಒಗ್ಗುವುದಿಲ್ಲ. ಅದನ್ನು ಪಾಚಿಯಕ್ಕ ಕಂಡುಕೊಂಡದ್ದು ನಾಲಿಗೆಯಿಂದ. ನೆಲಮಟ್ಟದ ತೋಟದ ನಲ್ಲಿಯಲ್ಲಿ ಮಾತ್ರ ಆ ಯಂತ್ರಕ್ಕೆ ಹೋಗದ ಊರ ನೀರೇ ಬರುತ್ತದೆ. ಹಾಗಾಗಿ ಪ್ರತೀ ಮಂಗಳವಾರ ಹತ್ತು ಲೀಟರಿನ ಆರು ಬಕೆಟ್ಟು, ಎಪ್ಪತ್ತೆರಡು ಮೆಟ್ಟಿಲು. ಹೊತ್ತು ತಂದದ್ದನ್ನು ಬಾಲ್ಕನಿಯ ಡ್ರಮ್ಮಿಗೆ ಸುರಿದು, ಊರ ನೀರಿಗೆ ಹಾಕಿದ ಔಷಧಿಯ ವಾಸನೆ ಆರಲು ಬಿಟ್ಟು, ಮುಂದಿನ ವಾರ ತೊಟ್ಟಿಗೆ ತುಂಬುತ್ತಾರೆ. ಮೂರನೇ ಬಕೆಟ್ಟಿಗೆ ಮಂಡಿ ಮಾತಾಡಲು ಶುರುಮಾಡುತ್ತದೆ ಎನ್ನುತ್ತಾರೆ. "ಮಾತಾಡ್ಲಿ ಬಿಡಿ. ನಾನು ಉತ್ತರ ಕೊಡಲ್ಲ."

ಕರಗುವುದು ಶುರುವಾದ ಮೊದಲ ಮಂಗಳವಾರ, ಅಂಗಡಿಯ ಯಜಮಾನನೂ ಬಂದಿದ್ದಾನೆ. ಕೈಯಲ್ಲಿ ಬಣ್ಣದ ಪುಸ್ತಕ. ಅದರ ತುಂಬ ಪ್ಲಾಸ್ಟಿಕ್ ಗಿಡಗಳು. ಎರಡು ತಿಂಗಳಿಗೊಮ್ಮೆ ತೊಳೆದರೆ ಸಾಕು, ವಾರವಾರ ಯಾರೂ ಬರಬೇಕಿಲ್ಲ. ಹತ್ತು ವರ್ಷದ ತೊಟ್ಟಿಯೇ ಪ್ಲಾಸ್ಟಿಕ್ಕಿಗೆ ತಿರುಗಿದರೆ ಉಳಿದ ಹತ್ತು ಮನೆಗಳಿಗೂ ಅದನ್ನೇ ಹೇಳಬಹುದೆಂಬುದು ಅವನ ಯೋಚನೆ. ಅವನೇನೂ ಮುಚ್ಚಿಟ್ಟಿಲ್ಲ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದು ಸಾಯಲ್ಲ ನೋಡಿ" ಎನ್ನುತ್ತಾನೆ ಪುಟ ತಿರುಗಿಸುತ್ತ.

"ಬದುಕೂ ಇಲ್ವಲ್ಲಪ್ಪ."

"ನೋಡೋರಿಗೆ ಗೊತ್ತಾಗಲ್ಲ."

"ಮೀನಿಗೆ ಗೊತ್ತಾಗತ್ತೆ."

ಮನೆಯಾಕೆ ಸೋಫಾದ ತುದಿಯಲ್ಲಿ ಕೂತು ತೊಟ್ಟಿಯನ್ನೇ ನೋಡುತ್ತಿದ್ದಾರೆ. ಎಲೆ ಕರಗಿ ಲೋಳೆಗಟ್ಟಿದ ನೀರಿನಲ್ಲಿ ಬೆರಳುದ್ದದ ಮೀನುಗಳು ಅಡಗಲು ಜಾಗ ಸಿಗದೆ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿವೆ. "ನಂಗೆ ಇದನ್ನ ಹೀಗೆ ನೋಡೋಕಾಗ್ತಿಲ್ಲ" ಎನ್ನುತ್ತಾರೆ.

"ಒಂದು ತಿಂಗಳು ಕೊಡಿ ಅಮ್ಮ. ಮುಂದಿನ ತಿಂಗಳು ಇದೇ ಮಂಗಳವಾರ. ಅಷ್ಟರಲ್ಲಿ ಒಂದಾದ್ರೂ ಹೊಸ ಎಲೆ ಬರದೇ ಇದ್ರೆ ನಾನೇ ಕೈಯಾರೆ ಕಿತ್ತು ಪ್ಲಾಸ್ಟಿಕ್ಕು ನೆಟ್ಟುಕೊಡ್ತೀನಿ."

ಯಜಮಾನ ನಗುತ್ತಾನೆ. ಮನೆಯಾಕೆ ತಲೆಯಾಡಿಸುತ್ತಾರೆ. ಒಪ್ಪಂದ ಅಷ್ಟೇ.

ಎರಡನೇ ಮಂಗಳವಾರ. ಎಲೆಯೆಂಬುದು ಒಂದೂ ಉಳಿದಿಲ್ಲ. ಕಪ್ಪು ಮಣ್ಣಿನ ಮೇಲೆ ಮೋಟು ಬುಡಗಳು ಮಾತ್ರ. ಪಾಚಿಯಕ್ಕ ಲೋಳೆಯನ್ನು ಕೊಳವೆಯಲ್ಲಿ ಹೀರಿ ತೆಗೆಯುತ್ತ, ಬುಡಗಳನ್ನು ಬೆರಳಲ್ಲಿ ಸವರಿ ನೋಡುತ್ತ ಹೋಗುತ್ತಾರೆ. ಐದನೆಯದಕ್ಕೆ ಬೆರಳು ನಿಲ್ಲುತ್ತದೆ. ತಾವು ನೆಟ್ಟದ್ದು ನೆಟ್ಟಗೆ. ಇದು ಓರೆ. ಆರನೆಯದು ಬೇಕಾದ್ದಕ್ಕಿಂತ ಒಂದಂಗುಲ ಆಳಕ್ಕೆ ಇಳಿದಿದೆ. ಏಳನೆಯದರ ಬದಿಯ ಮಣ್ಣಿನಲ್ಲಿ ಗುಂಡನೆಯ ಗುಳಿ. ಎತ್ತಿ ನೋಡಿದರೆ ಆಗಷ್ಟೇ ಮೂಡಿದ್ದ ಎಳೆ ಬೇರು ಕಡಿದುಹೋಗಿದೆ, ತುದಿ ಬೆಳ್ಳಗೆ ಹಸಿಯಾಗಿದೆ.

ಮೊದಲು ಮೀನುಗಳ ಮೇಲೆ ಗುಮಾನಿ. ಇಷ್ಟಿಷ್ಟೇ ಮೀನು, ಅದರಿಂದ ಆಗುವುದಲ್ಲ. ಆಮೇಲೆ ತಮ್ಮ ಮೇಲೆಯೇ ಗುಮಾನಿ. ಮನೆ ಸಾಗಿಸುವ ಗಡಿಬಿಡಿಯಲ್ಲಿ ಸರಿಯಾಗಿ ನೆಡಲಿಲ್ಲವೇ. ಅಷ್ಟರಲ್ಲಿ ಮನೆಯಾಕೆ ಚಹಾ ತಂದು ಕೊಡುತ್ತಾರೆ. ಲೋಟ ಹಿಡಿದ ಹೆಬ್ಬೆರಳಿನ, ತೋರುಬೆರಳಿನ ಉಗುರಿಗೆ ತಿಳಿಗುಲಾಬಿ ಬಣ್ಣ. ಆ ಬಣ್ಣದ ಕೆಳಗೆ, ಉಗುರಿನ ಸಂದಿಯಲ್ಲಿ, ಸಾಸಿವೆಗಿಂತ ಸಣ್ಣದಾದ ಮೂರ್ನಾಲ್ಕು ಕಪ್ಪು ಕಾಳು.

ತೊಟ್ಟಿಯ ಮಣ್ಣು.

ಪಾಚಿಯಕ್ಕ ಚಹಾ ಕುಡಿಯುತ್ತಾರೆ. ಲೋಟ ತೊಳೆದಿಡುತ್ತಾರೆ. ಬುಡಗಳನ್ನು ಮತ್ತೆ ನೆಟ್ಟಗೆ ಕೂರಿಸುತ್ತಾರೆ. ಆರು ಬಕೆಟ್ಟು ನೀರು ಹೊರುತ್ತಾರೆ.

ಸಂಜೆ ಮನೆಯಲ್ಲಿ ಗಂಡನ ಯಂತ್ರದ ಪಕ್ಕ ಕೂತಾಗ ಮಾತು ಬರುತ್ತದೆ. "ದಿನಾ ಕಿತ್ತು ನೋಡ್ತಿದಾರೆ, ಬದುಕಿದ್ಯೋ ಇಲ್ವೋ ಅಂತ. ನೋಡಿ ಮತ್ತೆ ಒತ್ತಿಡ್ತಿದಾರೆ."

"ಹೇಳ್ಬೇಕಿತ್ತು."

"ಏನಂತ? ಅಮ್ಮ, ನಿಮ್ಮ ಗಿಡನ ನೀವೇ ಕೊಲ್ತಿದೀರ ಅಂತಲೋ? ಅವರಿಗೆ ನಾಚಿಕೆ ಆಗತ್ತೆ. ನಾಚಿಕೆ ಆದ್ರೆ ಸಿಟ್ಟು ಬರತ್ತೆ. ಸಿಟ್ಟು ಬಂದ್ರೆ ನಾಳೆ ಪ್ಲಾಸ್ಟಿಕ್ಕು ಬರತ್ತೆ."

ಕೆಲಸದವರಿಗೆ ಗೊತ್ತಿರುವ ಸತ್ಯವನ್ನು ಮನೆಯವರಿಗೆ ಹೇಳುವ ದಾರಿ ಎಷ್ಟು ಸುತ್ತು ಎಂಬುದನ್ನು ಯಾವ ಶಾಲೆಯೂ ಕಲಿಸುವುದಿಲ್ಲ, ಆದರೆ ಎಲ್ಲ ಕೆಲಸದವರೂ ಕಲಿತಿರುತ್ತಾರೆ. ಗಂಡ ಸೂಜಿಗೆ ದಾರ ಪೋಣಿಸುತ್ತ ನಗತೊಡಗುತ್ತಾರೆ. "ನೀನು ಮಾಡಿದ್ದು ನೆನಪಿದ್ಯಾ?"

ನೆನಪಿಲ್ಲದೆ ಏನು. ಅಂಗಡಿಯಲ್ಲಿ ಬಿಸಾಡಿದ್ದ ಮೊದಲ ಮುನಿಸುಗಿತ್ತಿಯನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಮನೆಗೆ ತಂದಿದ್ದರು. ಒಂಬತ್ತು ದಿನ, ದಿನಕ್ಕೆರಡು ಸಲ, ಬೇರು ಬಂತೇ ಎಂದು ಕಿತ್ತು ನೋಡಿದ್ದರು. ಹತ್ತನೇ ದಿನ ನೋಡಲು ಏನೂ ಉಳಿದಿರಲಿಲ್ಲ. ಆಗ ಗಂಡ ಕೇಳಿದ್ದರು, ಹೊಲೀತಾ ಹೊಲೀತಾ ಬಿಚ್ಚಿ ನೋಡಿದ್ರೆ ಅಂಗಿ ಆಗತ್ತೇನೇ ಎಂದು.

"ಪ್ರೀತಿ ಇಲ್ದೋರು ಕಿತ್ತು ನೋಡಲ್ಲ. ಆಕೆಗೂ ಅದೇ ಸಂಕಟ. ನೋಡಬೇಡಿ ಅಂದ್ರೆ ಆಗಲ್ಲ. ನೋಡೋಕೆ ಏನಾದ್ರೂ ಕೊಡಬೇಕು" ಎನ್ನುತ್ತಾರೆ ಪಾಚಿಯಕ್ಕ. ಅವರ ಕಣ್ಣು ಯಂತ್ರದ ಕೆಳಗೆ ಬಿದ್ದ ಕರಿ ಬಟ್ಟೆಯ ತುಂಡಿನ ಮೇಲಿದೆ.

ಬುಧವಾರ ಅವರ ವಾರವಲ್ಲ. ಆದರೂ ಬೆಳಗ್ಗೆ ಏಳಕ್ಕೆ ಗೇಟಿನ ಯಂತ್ರ ಮೂರು ಸಲ ಕಿರುಗುಡುತ್ತದೆ. ಕಾವಲುಗಾರ ಬರೆದುಕೊಳ್ಳುತ್ತಾನೆ: ಮೀನಿನ ಹೆಂಗಸು. ನಾಲ್ಕನೇ ಮಹಡಿಯಲ್ಲಿ ಪಾಚಿಯಕ್ಕ ಎಲ್ಲಕ್ಕಿಂತ ಹೆಚ್ಚು ಸಲ ಕೀಳಿಸಿಕೊಂಡ ಬುಡವೊಂದನ್ನು ಆರಿಸಿ, ತೊಟ್ಟಿಯ ಮುಂಗಾಜಿಗೆ ಒತ್ತಿ ನೆಡುತ್ತಾರೆ. ಅಲ್ಲಿ ನೆಟ್ಟರೆ ಬೇರು ಗಾಜಿನುದ್ದಕ್ಕೂ ಇಳಿಯುತ್ತದೆ, ಹೊರಗಿನಿಂದಲೇ ಕಾಣುತ್ತದೆ. ಬೇರಿಗೆ ಬೆಳಕು ಆಗದು. ಅದಕ್ಕೇ ಗಾಜಿನ ಹೊರಮೈಗೆ, ಆ ಜಾಗಕ್ಕೆ ಸರಿಯಾಗಿ, ಗೇಣಗಲದ ಕರಿ ಬಟ್ಟೆಯ ಪರದೆ. ಗಂಡ ರಾತ್ರಿಯೇ ಅಂಚು ಮಡಚಿ, ಮೇಲೊಂದು ಪಟ್ಟಿ ಇಟ್ಟು ಹೊಲಿದುಕೊಟ್ಟಿದ್ದಾರೆ. ಪುಟ್ಟ ಮನೆಯ ಪುಟ್ಟ ಕಿಟಕಿಗೆ ಹಾಕಿದ ಹಾಗಿದೆ.

"ಅಮ್ಮಾ, ನಿಮ್ಮಿಂದ ಒಂದು ಉಪಕಾರ ಆಗಬೇಕು. ನಾನು ವಾರಕ್ಕೊಂದ್ಸಲ ಬರೋಳು. ಬೇರು ಬಂತೋ ಇಲ್ವೋ ಅಂತ ನಂಗೆ ಅಲ್ಲಿ ದಿಗಿಲು. ದಿನಾ ನೋಡಿ ಹೇಳೋರು ಒಬ್ರು ಬೇಕು. ಬೆಳಗ್ಗೆ ಒಂದ್ಸಲ ಪರದೆ ಎತ್ತಿ, ಇಪ್ಪತ್ತು ಎಣಿಸಿ, ಬಿಟ್ಬಿಡಿ. ಜಾಸ್ತಿ ನೋಡಿದ್ರೆ ಬೇರಿಗೆ ನಾಚಿಕೆ."

ಮನೆಯಾಕೆ ಪರದೆಯನ್ನು ನೋಡುತ್ತಾರೆ. ಪಾಚಿಯಕ್ಕನನ್ನು ನೋಡುತ್ತಾರೆ. ತಮ್ಮ ಬಲಗೈಯನ್ನು ಸೀರೆಯ ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

"ಒಳಗೆ ಕೈ ಹಾಕಬಾರ್ದು ಅಲ್ವಾ?"

"ಕೈ ಹಾಕೋಕೆ ನಾನಿದ್ದೀನಲ್ಲ ಅಮ್ಮ. ನೋಡೋಕೆ ನೀವು."

ಮೂರನೇ ಮಂಗಳವಾರ ಪರದೆಯ ಹಿಂದೆ ಏನೂ ಇಲ್ಲ. ಬರೀ ಕಪ್ಪು ಮಣ್ಣು. ಆದರೆ ಬುಡಗಳೆಲ್ಲ ನೆಟ್ಟಗಿವೆ, ಒಂದು ಗುಳಿಯೂ ಇಲ್ಲ. ಬಾಗಿಲ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂತಿದೆ. ಅಂಗಡಿಯ ಯಜಮಾನ ಮುಂಚಿತವಾಗಿಯೇ ಕಳಿಸಿದ್ದಾನೆ. ಮುಚ್ಚಳದ ಸಂದಿಯಿಂದ ಪ್ಲಾಸ್ಟಿಕ್ಕಿನ ಹಸಿರು ಎಲೆಯೊಂದು ಹೊರಗಿಣುಕಿದೆ. ಬಕೆಟ್ಟು ಹೊತ್ತು ಬಂದಾಗಲೆಲ್ಲ ಪಾಚಿಯಕ್ಕ ಅದನ್ನು ದಾಟಿಯೇ ಹೋಗಬೇಕು. ಆರನೇ ಸಲ ದಾಟುವಾಗ ಬೆರಳಲ್ಲಿ ಎಲೆಯನ್ನು ಒಳಕ್ಕೆ ತಳ್ಳುತ್ತಾರೆ.

ಆ ವಾರ ಬೇರೊಂದು ಮನೆಯಲ್ಲಿ ಜಡೆಗಿಡದ ಜಾಗದಲ್ಲಿ ಕಲ್ಲಪ್ಪನನ್ನು ಹೂತು ಬಂದು, ಅರ್ಧ ದಾರಿಯಿಂದ ವಾಪಸು ಹೋಗಿ ತೆಗೆಯುತ್ತಾರೆ. ಬೇರನ್ನು ಹೂತರೆ ಕೊಳೆಯುವ ಗಿಡ ಅದು. ಹದಿನಾರು ವರ್ಷದಲ್ಲಿ ಇಂಥ ಮರೆವು ಇದೇ ಮೊದಲು. ಹದಿನೇಳು ತೊಟ್ಟಿ ಹೋದರೆ ಮತ್ತೆ ಯಾರ ಮನೆಯ ನೆಲ ಒರೆಸಲಿ ಎಂದು ಗಂಡನನ್ನು ಕೇಳುತ್ತಾರೆ. "ನಂಗೆ ಈಗ ನೆಲ ಒರೆಸೋಕೆ ಬರಲ್ಲ ರೀ. ಶುಚಿ ಮಾಡೋದು ಮರೆತೇಹೋಗಿದೆ."

ನಾಲ್ಕನೇ ಮಂಗಳವಾರ ಪಾಚಿಯಕ್ಕ ತಟ್ಟುವ ಮೊದಲೇ ಮನೆಯಾಕೆ ಬಾಗಿಲು ತೆರೆದು ನಿಂತಿದ್ದಾರೆ. ಬಕೆಟ್ಟು ಇಳಿಸಲೂ ಬಿಡದೆ ಕೈ ಹಿಡಿದು ತೊಟ್ಟಿಯ ಬಳಿ ಎಳೆದೊಯ್ಯುತ್ತಾರೆ. ಹತ್ತು ವರ್ಷದಲ್ಲಿ ಅವರು ಪಾಚಿಯಕ್ಕನ ಕೈ ಹಿಡಿದದ್ದು ಅದೇ ಮೊದಲ ಸಲ. ಪರದೆ ಎತ್ತುತ್ತಾರೆ. ಕಪ್ಪು ಮಣ್ಣಿನೊಳಗೆ ಗಾಜಿಗೆ ಅಂಟಿಕೊಂಡು ಬಿಳಿಯ ಬೇರೊಂದು, ದರ್ಜಿಯ ದಾರದಷ್ಟು ತೆಳ್ಳಗೆ, ಎರಡಂಗುಲ ಇಳಿದಿದೆ.

"ಶುಕ್ರವಾರ ಅರ್ಧ ಅಂಗುಲ ಇತ್ತು. ಭಾನುವಾರ ಒಂದು. ಬರೆದಿಟ್ಟಿದೀನಿ" ಎನ್ನುತ್ತಾರೆ ಮನೆಯಾಕೆ, ಪಿಸುದನಿಯಲ್ಲಿ.

"ಇಪ್ಪತ್ತಾಯ್ತು ಅಮ್ಮ. ಪರದೆ ಬಿಡಿ" ಎನ್ನುತ್ತಾರೆ ಪಾಚಿಯಕ್ಕ.

ಬೇರು ಬಂದರೆ ಸಾಲದು. ಒಪ್ಪಂದ ಇದ್ದದ್ದು ಎಲೆಯದು.

ಗಡುವಿನ ಮಂಗಳವಾರ ಅಂಗಡಿಯ ಯಜಮಾನನೂ ಹಾಜರು. ತೊಟ್ಟಿಯ ದೀಪ ಹೊತ್ತಿ ಇನ್ನೂ ಹತ್ತು ನಿಮಿಷವಾಗಿಲ್ಲ. ಮೂವರೂ ಬಗ್ಗಿ ನೋಡುತ್ತಾರೆ. ಪರದೆಯ ಹಿಂದಿನ ಬುಡದ ಮೇಲೆ ಕೆಂಗಂದು ಬಣ್ಣದ, ಸುರುಳಿ ಸುತ್ತಿದ ಕಾಗದದಂಥ ಒಂದು ಮೊಳಕೆ, ಅಕ್ಕಿಕಾಳಿನಷ್ಟು. ಅದನ್ನು ಎಲೆ ಎನ್ನಬೇಕೋ ಬೇಡವೋ ಎಂದು ಯಜಮಾನ ತಲೆ ಓರೆ ಮಾಡುತ್ತಾನೆ. ಪಾಚಿಯಕ್ಕ ಬೆರಳಲ್ಲಿ ಹಿಂದಿನ ಸಾಲು ತೋರಿಸುತ್ತಾರೆ. ಮರದ ತುಂಡಿನ ನೆರಳಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಕೀಳದೆ ಬಿಟ್ಟ ಬುಡವೊಂದರಿಂದ ಎರಡು ಎಲೆ ಪೂರ್ತಿ ಬಿಚ್ಚಿಕೊಂಡು ನಿಂತಿವೆ. ಅಂಚು ಅಲೆಅಲೆ. ಅದರಾಚೆ ಇನ್ನೊಂದು. ಅದರಾಚೆ ಮತ್ತೊಂದು. ಮೂಲೆಯಲ್ಲಿ ಒತ್ತಿಕೊಂಡಿದ್ದ ಮೀನುಗಳಲ್ಲಿ ಒಂದು ಆ ಎಲೆಯ ಕೆಳಗೆ ತೂರಿ ನಿಂತಿದೆ.

"ಮೀನಿಗೆ ಗೊತ್ತಾಯ್ತು ನೋಡಪ್ಪ" ಎನ್ನುತ್ತಾರೆ ಯಜಮಾನನಿಗೆ.

ಯಜಮಾನ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಡುತ್ತಾನೆ, ಲಿಫ್ಟಿನಲ್ಲಿ. ಪ್ಲಾಸ್ಟಿಕ್ಕಿನಿಂದ ನೀರು ಹನಿಯುವುದಿಲ್ಲವಲ್ಲ. ಉಳಿದ ಮನೆಗಳ ಮಾತು ಸದ್ಯಕ್ಕೆ ಬೇಡ ಅಕ್ಕಾ, ನೋಡೋಣ ಎಂದು ಹೋಗಿದ್ದಾನೆ. ಸದ್ಯಕ್ಕೆ ಎನ್ನುವ ಮಾತಿನ ತೂಕ ಪಾಚಿಯಕ್ಕನಿಗೆ ಚೆನ್ನಾಗಿ ಗೊತ್ತು. ಆದರೂ ಅವರು ಎಂದಿನಂತೆ ಗಾಜು ಕೆರೆಯುತ್ತಾರೆ. ಪಕ್ಕದ ಕೋಣೆಯಿಂದ ಮನೆಯಾಕೆ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿರುವುದು ಕೇಳುತ್ತದೆ. "ಹೂಂ, ಎಲ್ಲ ಹೋಯ್ತು ಅಂದ್ಕೊಂಡಿದ್ದೆ ಕಣೇ. ಈಗ ನೋಡಿದ್ರೆ ತಾನಾಗೇ ಚಿಗುರಿದೆ."

ಪಾಚಿಯಕ್ಕನ ಕೈ ಒಂದು ಕ್ಷಣ ನಿಲ್ಲುತ್ತದೆ. ಮತ್ತೆ ಕೆರೆಯುತ್ತದೆ. ಹೊರಡುವಾಗ ಮನೆಯಾಕೆ ಚಹಾದ ಲೋಟ ಕೊಡುತ್ತಾರೆ. ಉಗುರಿನ ಗುಲಾಬಿ ಬಣ್ಣ ಹೊಸದಾಗಿ ಹಚ್ಚಿದ್ದು, ಸಂದಿಯಲ್ಲಿ ಒಂದು ಕಾಳೂ ಇಲ್ಲ. ಲೋಟ ಕೈಗೆ ಬಂದ ಮೇಲೂ ಅವರು ಅಲ್ಲೇ ನಿಂತು, "ಪರದೆ ಇನ್ನೂ ಸ್ವಲ್ಪ ದಿನ ಇರಲಿ ಅಲ್ವಾ?" ಎಂದು ಕೇಳುತ್ತಾರೆ. ಇರಲಿ ಅಮ್ಮ, ಎನ್ನುತ್ತಾರೆ ಪಾಚಿಯಕ್ಕ.

ಖಾಲಿ ಬಕೆಟ್ಟು, ಎಪ್ಪತ್ತೆರಡು ಮೆಟ್ಟಿಲು. ಇಳಿಯುವಾಗ ಮಂಡಿ ಸುಮ್ಮನಿರುತ್ತದೆ. ಗೇಟಿನಲ್ಲಿ ಹೊರಹೋಗುವ ಸಮಯ ಬರೆಸಬೇಕು. ಪುಸ್ತಕ ತೆರೆದು ಕಾವಲುಗಾರ ಬೆಳಗಿನ ಸಾಲು ಹುಡುಕುತ್ತಾನೆ. ವಾರವಾರ ಬಕೆಟ್ಟು ಯಾತಕ್ಕೆ ಎಂದು ಅವನು ಹಿಂದೆಯೇ ಕೇಳಿ ತಿಳಿದಿದ್ದಾನೆ.

"ಬದುಕ್ತಾ ಅಕ್ಕಾ ನಿಮ್ಮ ಗಿಡ?"

"ಬದುಕ್ತು. ತಾನಾಗೇ ಚಿಗುರಿದೆ ಅಂತಿದ್ರು ಅಮ್ಮಾವ್ರು."

"ತಾನಾಗೇನಾ? ಆರು ಬಕೆಟ್ಟು ತಾನಾಗೇ ಮೇಲೆ ಹತ್ತಿತಾ?"

ಪಾಚಿಯಕ್ಕ ನಗುತ್ತಾರೆ. "ಹಂಗೆ ಅನ್ನಿಸಬೇಕು ಕಣಪ್ಪ ನೋಡೋರಿಗೆ. ಕೈ ಹಾಕಿದ್ದು ಕಂಡ್ರೆ ಅದು ಕೆಲಸ ಕೆಟ್ಟ ಹಾಗೆ." ಆಮೇಲೆ ಪುಸ್ತಕದ ಆ ಕಾಲಮಿನ ಮೇಲೆ ಸುಕ್ಕುಗಟ್ಟಿದ ಬೆರಳಿಡುತ್ತಾರೆ. ಒದ್ದೆ ಬೆರಳಿಗೆ ಶಾಯಿ ಸ್ವಲ್ಪ ಹರಡುತ್ತದೆ. "ಆದ್ರೆ ನೀನು ಒಂದು ಕೆಲಸ ಮಾಡು. ಮುಂದಿನ ವಾರದಿಂದ ಮೀನಿನ ಹೆಂಗಸು ಅಂತ ಬರೀಬೇಡ. ಮೀನು ತಂತಾನೇ ಈಜ್ಕೊಂಡಿರತ್ತೆ, ನಂಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಗಿಡದೋಳು ಅಂತ ಬರಿ."

ಕಾವಲುಗಾರ ಮುಂದಿನ ವಾರಕ್ಕೆ ಕಾಯುವುದಿಲ್ಲ. ಬರೆದದ್ದನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ತಿದ್ದುತ್ತಾನೆ. ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು ಪಾಚಿಯಕ್ಕ ಕೊನೆಯ ಅಕ್ಷರ ಮುಗಿಯುವವರೆಗೂ ನಿಂತು ನೋಡುತ್ತಾರೆ.